ವೃತ್ತಿ ಶಿಕ್ಷಣದ ದಾರಿಯಿಂದ ಕಂಪ್ಯೂಟರ್ ಪದವಿಗೆ

ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದ ವಾರ ನಮ್ಮವರ ಮನೆಗಳಲ್ಲಿ ನಡೆಯುವ ಸಮಾಲೋಚನೆಯ ಧಾಟಿ ಬಹುತೇಕ ಒಂದೇ ಬಗೆಯದು. ಶೇಕಡಾ 90ರ ಮೇಲೆ ಅಂಕ ಬಂದ ಮಗುವಿಗೆ ವಿಜ್ಞಾನ ವಿಭಾಗ ಮತ್ತು ಕೋಚಿಂಗ್ ಕ್ಲಾಸು ನಿಶ್ಚಿತ. ಶೇಕಡಾ 60ರ ಆಸುಪಾಸಿನಲ್ಲಿ ನಿಂತ ಮಗುವಿನ ಮಾತು ಬಂದಾಗ ಮಾತ್ರ ಹಿರಿಯರ ಧ್ವನಿ ತಗ್ಗುತ್ತದೆ. "ಡಿಪ್ಲೊಮಾಕ್ಕಾದರೂ ಹಾಕಿ" ಎಂದು ನೆಂಟರೊಬ್ಬರು ಸಲಹೆ ಕೊಡುತ್ತಾರೆ. ಆ 'ಆದರೂ' ಎಂಬ ಮೂರಕ್ಷರದ ಬಾಲಂಗೋಚಿಯಲ್ಲಿ ಮಗುವಿನ ಮುಂದಿನ ಹತ್ತು ವರ್ಷಗಳ ಕುರಿತು ಒಂದು ತೀರ್ಪೇ ಅಡಗಿರುತ್ತದೆ. ಪಾಲಿಟೆಕ್ನಿಕ್, ಐಟಿಐ, ಹನ್ನೆರಡನೆಯ ತರಗತಿಯ ವೃತ್ತಿ ಶಿಕ್ಷಣ ಇವೆಲ್ಲ ಪದವಿಯ ಬಾಗಿಲು ಮುಚ್ಚಿಕೊಂಡವರ ಪಾಲಿನವು ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಕಂಪ್ಯೂಟರ್ ವಿಷಯದ ಪದವಿಗೆ ಸಂಬಂಧಿಸಿದಂತೆ ಈ ಭಾವನೆ ಎಷ್ಟರಮಟ್ಟಿಗೆ ನಿಜ, ಎಲ್ಲೆಲ್ಲಿ ಸುಳ್ಳು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಮುಂಬಯಿ ಕನ್ನಡಿಗರಿಗೆ ಸುತ್ತು ದಾರಿಯ ವಿದ್ಯಾಭ್ಯಾಸ ಹೊಸದೇನಲ್ಲ. ಹಗಲು ಹೋಟೆಲಿನಲ್ಲಿ ದುಡಿದು, ಇರುಳು ಕೋಟೆ ಪರಿಸರದ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು, ಮುಂದೆ ಬ್ಯಾಂಕು, ರೈಲ್ವೆ, ಕಾರ್ಖಾನೆಗಳಲ್ಲಿ ಹುದ್ದೆ ಹಿಡಿದವರ ಒಂದು ಪೀಳಿಗೆಯೇ ನಮ್ಮ ಸಂಘ ಸಂಸ್ಥೆಗಳನ್ನು ಕಟ್ಟಿತು. ಅವರ ಕಾಲದಲ್ಲಿ ದುಡಿಯುತ್ತಲೇ ಎಂಜಿನಿಯರ್ ಆಗಲು ಎಎಂಐಇ ಎಂಬ ಪರೀಕ್ಷೆಯ ಆಸರೆಯಿತ್ತು. ಇಂದಿಗೂ ಕೆಲವು ಹಿರಿಯರು ಅದನ್ನೇ ಸೂಚಿಸುತ್ತಾರೆ. ಆದರೆ 2013ರ ಮೇ 31ರ ಬಳಿಕ ನೋಂದಾಯಿಸಿಕೊಂಡವರಿಗೆ ಆ ಪರೀಕ್ಷೆಯ ಮೂಲಕ ಪದವಿಗೆ ಸಮನಾದ ಸರಕಾರಿ ಮಾನ್ಯತೆ ಸಿಗುವುದಿಲ್ಲ. ದಾರಿಗಳು ಬದಲಾಗಿವೆ, ನಮ್ಮ ಸಲಹೆಗಳು ಮಾತ್ರ ಹಳೆಯವಾಗಿಯೇ ಉಳಿದಿವೆ.

ಇಂದಿನ ದಾರಿಗಳಲ್ಲಿ ಅತ್ಯಂತ ಗಟ್ಟಿಯಾದುದು ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ. ಮಹಾರಾಷ್ಟ್ರದಲ್ಲಿ ಇದರ ಪ್ರವೇಶ ಹತ್ತನೆಯ ತರಗತಿಯ ಅಂಕಗಳ ಆಧಾರದಲ್ಲಿ ನಡೆಯುತ್ತದೆ, ಪ್ರತ್ಯೇಕ ಪ್ರವೇಶ ಪರೀಕ್ಷೆಯಿಲ್ಲ. ಬಾಂದ್ರಾದ ಸರಕಾರಿ ಪಾಲಿಟೆಕ್ನಿಕ್, ವಿಲೇಪಾರ್ಲೆಯ ಭಾಗುಭಾಯಿ ಮಫತ್‌ಲಾಲ್ ಪಾಲಿಟೆಕ್ನಿಕ್, ವಿದ್ಯಾವಿಹಾರದ ಸೋಮಯ್ಯ ಪಾಲಿಟೆಕ್ನಿಕ್ ಮುಂತಾದವು ನಗರದಲ್ಲಿ ಬಹುಕಾಲದಿಂದ ಹೆಸರಾದವು. ನಮ್ಮ ಅನೇಕ ಕನ್ನಡ ಸಂಸ್ಥೆಗಳ ನೆರೆಯಲ್ಲೇ, ಮಾಟುಂಗಾದಲ್ಲಿರುವ ವಿಜೆಟಿಐಯಲ್ಲಿ ಪದವಿಯ ಜತೆಗೆ ಡಿಪ್ಲೊಮಾ ಶಿಕ್ಷಣವೂ ಇದೆ ಎಂಬುದು ಎಷ್ಟೋ ಮಂದಿಗೆ ತಿಳಿದಿರುವುದಿಲ್ಲ.

ಡಿಪ್ಲೊಮಾ ಮುಗಿಸಿದ ವಿದ್ಯಾರ್ಥಿ ಬಿಇ ಅಥವಾ ಬಿಟೆಕ್ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಇದನ್ನೇ ಲ್ಯಾಟರಲ್ ಎಂಟ್ರಿ ಎನ್ನುತ್ತಾರೆ, ಮಹಾರಾಷ್ಟ್ರದಲ್ಲಿ ಡಿಎಸ್‌ಇ ಎಂಬ ಹೆಸರು ರೂಢಿಯಲ್ಲಿದೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು, ಅಂದರೆ ಎಐಸಿಟಿಇ, ಇದಕ್ಕೆ ಕೇಳುವ ಕನಿಷ್ಠ ಅಂಕ ಶೇಕಡಾ 45, ಮೀಸಲು ವರ್ಗದವರಿಗೆ ಶೇಕಡಾ 40. ಪ್ರತಿಯೊಂದು ಶಾಖೆಯ ಮಂಜೂರಾದ ಸ್ಥಾನಗಳ ಶೇಕಡಾ 10ರಷ್ಟು ಹೆಚ್ಚುವರಿ ಸ್ಥಾನಗಳು ಇವರಿಗೆ ಮೀಸಲು. ಮೊದಲ ವರ್ಷದಲ್ಲಿ ತುಂಬದೆ ಉಳಿದ ಸ್ಥಾನಗಳೂ ಇವರಿಗೇ ಸಲ್ಲುತ್ತವೆ. ಲೆಕ್ಕ ಹಾಕಿ ನೋಡಿದರೆ ವಿಜ್ಞಾನದ ಹಾದಿಯಲ್ಲಿ ಹನ್ನೊಂದು, ಹನ್ನೆರಡರ ಎರಡು ವರ್ಷ ಮತ್ತು ಪದವಿಯ ನಾಲ್ಕು ವರ್ಷ ಸೇರಿ ಆರು ವರ್ಷ. ಡಿಪ್ಲೊಮಾ ಹಾದಿಯಲ್ಲಿ ಮೂರು ಮತ್ತು ಮೂರು, ಅದೂ ಆರೇ ವರ್ಷ. 'ಒಂದು ವರ್ಷ ಹಾಳು' ಎಂಬ ಮಾತಿಗೆ ಆಧಾರವೇ ಇಲ್ಲ. ಕೊನೆಯಲ್ಲಿ ಕೈಗೆ ಬರುವ ಪದವಿಯೂ ಅದೇ ವಿಶ್ವವಿದ್ಯಾಲಯದ ಅದೇ ಪದವಿ.

ಮಹಾರಾಷ್ಟ್ರದಲ್ಲಿ ಈ ಎರಡನೆಯ ವರ್ಷದ ಪ್ರವೇಶಕ್ಕೆ ಮತ್ತೆ ಸಿಇಟಿ ಬರೆಯಬೇಕಾಗಿಲ್ಲ, ಡಿಪ್ಲೊಮಾದ ಅಂಕಗಳೇ ಅರ್ಹತಾ ಪಟ್ಟಿಯನ್ನು ನಿರ್ಧರಿಸುತ್ತವೆ. ತಮಿಳುನಾಡಿನಲ್ಲಿಯೂ ಹೀಗೆಯೇ. ಕರ್ನಾಟಕದಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಡಿಸಿಇಟಿ ನಡೆಸುತ್ತದೆ. ತೆಲಂಗಾಣ, ಆಂಧ್ರಗಳಲ್ಲಿ ಇಸೆಟ್ ಎಂಬ ಪರೀಕ್ಷೆಯಿದೆ. ಪರೀಕ್ಷೆ ಇಲ್ಲವೆಂದು ಕೇಳಿ ಸಮಾಧಾನಪಡುವ ಮೊದಲು ಇನ್ನೊಂದು ಮುಖವನ್ನೂ ಗಮನಿಸಬೇಕು. ಒಂದು ದಿನದ ಪರೀಕ್ಷೆಯಲ್ಲಿ ಮಿಂಚಿ ಹಿಂದಿನ ಸೋಮಾರಿತನವನ್ನು ಮುಚ್ಚಿಕೊಳ್ಳುವ ಅವಕಾಶ ಇಲ್ಲಿಲ್ಲ. ಕಂಪ್ಯೂಟರ್ ಮತ್ತು ಮಾಹಿತಿ ತಂತ್ರಜ್ಞಾನ ಶಾಖೆಗಳಿಗೆ ಬೇಡಿಕೆ ಅತಿ ಹೆಚ್ಚು. ಶೇಕಡಾ 45 ಎಂಬುದು ಅರ್ಜಿ ಹಾಕಲು ಬೇಕಾದ ಅಂಕವೇ ಹೊರತು ಒಳ್ಳೆಯ ಕಾಲೇಜಿನಲ್ಲಿ ಸ್ಥಾನ ಕೊಡಿಸುವ ಅಂಕವಲ್ಲ. ಮೆಕ್ಯಾನಿಕಲ್ ಅಥವಾ ಸಿವಿಲ್ ಡಿಪ್ಲೊಮಾ ಮಾಡಿದವರೂ ಕಂಪ್ಯೂಟರ್ ಶಾಖೆಗೆ ಅರ್ಜಿ ಹಾಕಲು ಎಐಸಿಟಿಇ ನಿಯಮದಲ್ಲಿ ಅವಕಾಶವಿರುವುದರಿಂದ ಪೈಪೋಟಿ ಮತ್ತಷ್ಟು ಬಿಗಿಯಾಗುತ್ತದೆ.

ಈ ದಾರಿಯ ನಿಜವಾದ ಕಷ್ಟ ಪ್ರವೇಶದಲ್ಲಿಲ್ಲ, ಪ್ರವೇಶದ ನಂತರ ಬರುವ ಗಣಿತದಲ್ಲಿದೆ. ಈ ಮಾತನ್ನು ಪ್ರವೇಶ ಮಾರ್ಗದರ್ಶನದ ಸಭೆಗಳಲ್ಲಿ ಯಾರೂ ಒತ್ತಿ ಹೇಳುವುದಿಲ್ಲ. ಕಂಪ್ಯೂಟರ್ ಡಿಪ್ಲೊಮಾದ ವಿದ್ಯಾರ್ಥಿ ಮೂರು ವರ್ಷಗಳಲ್ಲಿ ಸಿ ಭಾಷೆ, ದತ್ತಾಂಶ ರಚನೆಗಳು, ಜಾವಾ, ಡೇಟಾಬೇಸ್, ಆಪರೇಟಿಂಗ್ ಸಿಸ್ಟಮ್, ಪೈಥಾನ್ ಇವೆಲ್ಲವನ್ನೂ ಕೈಯಾರೆ ಮಾಡಿ ಕಲಿತಿರುತ್ತಾನೆ. ಪ್ರಯೋಗಾಲಯದಲ್ಲಿ ಹನ್ನೆರಡನೆಯ ತರಗತಿಯಿಂದ ಬಂದ ಸಹಪಾಠಿಗಿಂತ ಅವನೇ ಒಂದು ಹೆಜ್ಜೆ ಮುಂದಿರುತ್ತಾನೆ. ಆದರೆ ಅವನು ಕಾಲಿಡುವುದು ಮೂರನೆಯ ಸೆಮಿಸ್ಟರಿಗೆ. ಅಲ್ಲಿ ಲಾಪ್ಲಾಸ್ ರೂಪಾಂತರ, ಫೂರಿಯೆ ಶ್ರೇಣಿ, ಸಂಕೀರ್ಣ ಚರಗಳು ಅವನಿಗಾಗಿ ಕಾದಿರುತ್ತವೆ. ಇವಕ್ಕೆ ಬೇಕಾದ ಭಾಗಶಃ ಅವಕಲನ, ಮಾತೃಕೆಗಳು, ಅವಕಲ ಸಮೀಕರಣಗಳು ಬಿಇ ಮೊದಲ ವರ್ಷದಲ್ಲಿ ನಡೆದ ಪಾಠಗಳು. ಆ ವರ್ಷವನ್ನು ಅವನು ನೋಡಿಯೇ ಇಲ್ಲ. ಅದರ ಮೇಲೆ, ಪ್ರವೇಶ ಪ್ರಕ್ರಿಯೆಯ ಸುತ್ತುಗಳು ಮುಗಿದು ಅವನು ತರಗತಿಯಲ್ಲಿ ಕೂರುವಷ್ಟರಲ್ಲಿ ಪಾಠಗಳು ಕೆಲವು ವಾರ ಮುಂದೆ ಹೋಗಿರುವುದೂ ಉಂಟು. ಡಿಪ್ಲೊಮಾದಲ್ಲಿ ಮೊದಲ ದರ್ಜೆ ಪಡೆದ ಹುಡುಗ ಮೂರನೆಯ ಸೆಮಿಸ್ಟರಿನ ಗಣಿತದಲ್ಲಿ ಉಳಿದುಹೋದಾಗ 'ನಾವು ಮೊದಲೇ ಹೇಳಿದ್ದೆವು' ಎನ್ನುವವರಿಗೆ ಈ ಹಿನ್ನೆಲೆ ಗೊತ್ತಿರುವುದಿಲ್ಲ.

ಕರ್ನಾಟಕದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಈ ಕೊರತೆಯನ್ನು ಗುರುತಿಸಿ, ಡಿಪ್ಲೊಮಾದಿಂದ ಬಂದವರಿಗೆಂದೇ 'ಹೆಚ್ಚುವರಿ ಗಣಿತ' ಎಂಬ ವಿಷಯವನ್ನು ಮೂರನೆಯ ಮತ್ತು ನಾಲ್ಕನೆಯ ಸೆಮಿಸ್ಟರುಗಳಲ್ಲಿ ಇರಿಸಿತು. ಎಐಸಿಟಿಇಯೂ ಸೇತುಬಂಧ ಪಾಠಗಳನ್ನು ನಡೆಸಬೇಕೆಂದು ಹೇಳುತ್ತದೆ. ಕಾಲೇಜು ಅದನ್ನು ಎಷ್ಟು ಶ್ರದ್ಧೆಯಿಂದ ನಡೆಸೀತು ಎಂಬುದು ಬೇರೆ ಮಾತು. ಆದ್ದರಿಂದ ಡಿಪ್ಲೊಮಾದ ಕೊನೆಯ ಪರೀಕ್ಷೆ ಮುಗಿದ ದಿನದಿಂದ ಪದವಿಯ ತರಗತಿ ಆರಂಭವಾಗುವವರೆಗಿನ ಬಿಡುವಿನಲ್ಲಿ ಮೊದಲ ವರ್ಷದ ಎಂಜಿನಿಯರಿಂಗ್ ಗಣಿತವನ್ನು ಮನೆಯಲ್ಲೇ ಓದಿ ಮುಗಿಸುವುದು ಕ್ಷೇಮ. ನನ್ನ ದೃಷ್ಟಿಯಲ್ಲಿ ಹೊಸ ಪ್ರೋಗ್ರಾಮಿಂಗ್ ಭಾಷೆಯೊಂದಕ್ಕೆ ದುಡ್ಡು ಕಟ್ಟುವುದಕ್ಕಿಂತ ಆ ಎರಡು ತಿಂಗಳಿಗೆ ಗಣಿತದ ಅಧ್ಯಾಪಕರೊಬ್ಬರನ್ನು ಹುಡುಕುವುದು ಹೆಚ್ಚು ಪ್ರಯೋಜನಕಾರಿ.

ಐಐಟಿಯ ಕನಸಿದ್ದವರು ಒಂದು ವಿಷಯ ತಿಳಿದಿರಬೇಕು. ಐಐಟಿಗಳ ಬಿಟೆಕ್‌ನಲ್ಲಿ ಎರಡನೆಯ ವರ್ಷದ ನೇರ ಪ್ರವೇಶ ಎಂಬುದಿಲ್ಲ. ಜೆಇಇ ಮೇನ್ ಬರೆಯಲು ಮಾನ್ಯತೆ ಪಡೆದ ಮೂರು ವರ್ಷದ ಡಿಪ್ಲೊಮಾ ಅರ್ಹತೆಯೆಂದು ಪರಿಗಣಿತವಾದರೂ ಅದು ಮೊದಲ ವರ್ಷದ ಪ್ರವೇಶಕ್ಕೆ. ಆದರೆ ಡಿಪ್ಲೊಮಾ ಮೂಲಕ ಬಿಇ ಮುಗಿಸಿದವರು ಗೇಟ್ ಪರೀಕ್ಷೆ ಬರೆದು ಅದೇ ಐಐಟಿಯ ಎಂಟೆಕ್‌ಗೆ ಹೋಗಲು ಯಾವ ಅಡ್ಡಿಯೂ ಇಲ್ಲ. ಉದ್ಯೋಗದ ವೇಳೆ ಕಂಪನಿಗಳು 'ಹತ್ತನೆಯ ತರಗತಿ, ಹನ್ನೆರಡು ಅಥವಾ ಡಿಪ್ಲೊಮಾ, ಪದವಿ ಎಲ್ಲದರಲ್ಲೂ ಶೇಕಡಾ 60' ಎಂದು ಕೇಳುವುದು ಸಾಮಾನ್ಯ. ಅಲ್ಲಿ ಡಿಪ್ಲೊಮಾವನ್ನು ಹನ್ನೆರಡರ ಸ್ಥಾನದಲ್ಲಿಯೇ ಇಟ್ಟು ನೋಡುತ್ತಾರೆ.

ಇನ್ನು ಹನ್ನೆರಡನೆಯ ತರಗತಿಯ ವೃತ್ತಿ ಶಿಕ್ಷಣ. ಇಲ್ಲಿ ಮಹಾರಾಷ್ಟ್ರದಲ್ಲಿ ಎರಡು ಬಗೆಗಳಿದ್ದು, ಇವೆರಡನ್ನು ಒಂದೇ ಎಂದು ತಿಳಿದು ತೊಂದರೆಗೆ ಸಿಲುಕಿದವರು ಬಹಳ. ಮೊದಲನೆಯದು ಬೈಫೋಕಲ್. ವಿಜ್ಞಾನದ ವಿದ್ಯಾರ್ಥಿ ಇಂಗ್ಲಿಷ್, ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇವನ್ನು ಉಳಿಸಿಕೊಂಡು, ಎರಡನೆಯ ಭಾಷೆ ಮತ್ತು ಜೀವಶಾಸ್ತ್ರದ ಬದಲಿಗೆ 200 ಅಂಕಗಳ ಒಂದು ವೃತ್ತಿ ವಿಷಯವನ್ನು, ಉದಾಹರಣೆಗೆ ಕಂಪ್ಯೂಟರ್ ಸೈನ್ಸ್ ಅಥವಾ ಎಲೆಕ್ಟ್ರಾನಿಕ್ಸ್ ಅನ್ನು, ತೆಗೆದುಕೊಳ್ಳುತ್ತಾನೆ. ಇವನಿಗೆ ಬಿಇ ಮೊದಲ ವರ್ಷದ ಬಾಗಿಲು ಪೂರ್ತಿ ತೆರೆದೇ ಇದೆ. ಭೌತಶಾಸ್ತ್ರ ಮತ್ತು ಗಣಿತದ ಜತೆ ಮೂರನೆಯ ವಿಷಯವಾಗಿ ರಸಾಯನಶಾಸ್ತ್ರದ ಬದಲು ತಾಂತ್ರಿಕ ವೃತ್ತಿ ವಿಷಯದ ಅಂಕವನ್ನೂ ಅರ್ಹತೆಗೆ ಲೆಕ್ಕ ಹಿಡಿಯಲು ನಿಯಮವಿದೆ. ರಸಾಯನಶಾಸ್ತ್ರದಲ್ಲಿ ಎಡವಿದವರಿಗೆ ಇದು ದೊಡ್ಡ ಆಸರೆ. ಆದರೆ ಸಿಇಟಿಯಲ್ಲಿ ರಸಾಯನಶಾಸ್ತ್ರದ ಪ್ರಶ್ನೆಗಳು ತಪ್ಪುವುದಿಲ್ಲ. ಎರಡನೆಯ ಭಾಷೆಯಾಗಿ ಕನ್ನಡವನ್ನೋ ಮರಾಠಿಯನ್ನೋ ಬಿಟ್ಟುಕೊಡಬೇಕಾಗುತ್ತದೆಂಬ ನೋವು ಬೇರೆ, ಅದನ್ನು ಹೇಳದಿರಲಾಗದು.

ಎರಡನೆಯದು ಹಿಂದೆ ಎಂಸಿವಿಸಿ ಎಂದು ಕರೆಯಲಾಗುತ್ತಿದ್ದ ಪೂರ್ಣ ವೃತ್ತಿ ಶಿಕ್ಷಣ. ಇದರಲ್ಲಿ ಹೆಚ್ಚಿನ ಸಮಯವೆಲ್ಲ ವೃತ್ತಿಯ ಪತ್ರಿಕೆಗಳಿಗೇ ಮೀಸಲು. ವಿಜ್ಞಾನ ವಿಭಾಗದ ಭೌತಶಾಸ್ತ್ರ, ಗಣಿತಗಳಿಲ್ಲದ ಕಾರಣ ಬಿಇ ಮೊದಲ ವರ್ಷಕ್ಕೆ ನೇರ ಪ್ರವೇಶವಿಲ್ಲ. ಆದರೆ ಸೂಕ್ತ ವಿಭಾಗದಲ್ಲಿ ಓದಿದವರು ಪಾಲಿಟೆಕ್ನಿಕ್ಕಿನ ಎರಡನೆಯ ವರ್ಷಕ್ಕೆ ಸೇರಬಹುದು. ಅಲ್ಲಿಂದ ಬಿಇ ಎರಡನೆಯ ವರ್ಷಕ್ಕೆ ಮತ್ತೊಂದು ಜಿಗಿತ. ಎರಡು, ಎರಡು, ಮೂರು ಸೇರಿ ಹತ್ತನೆಯ ತರಗತಿಯ ಬಳಿಕ ಏಳು ವರ್ಷ. ಪ್ರವೇಶದ ವೇಳೆ ಕಾಲೇಜಿನ ಗುಮಾಸ್ತರು 'ವೊಕೇಶನಲ್' ಎಂಬ ಒಂದೇ ಪದ ಬಳಸುತ್ತಾರೆ, ಹೆತ್ತವರು ತಲೆಯಾಡಿಸುತ್ತಾರೆ. ಗಣಿತ ಮತ್ತು ಭೌತಶಾಸ್ತ್ರ ಅಂಕಪಟ್ಟಿಯಲ್ಲಿ ಇರುತ್ತವೆಯೇ ಎಂಬ ಒಂದೇ ಪ್ರಶ್ನೆ ಕೇಳಿದರೆ ಗೊಂದಲ ಪರಿಹಾರವಾಗುತ್ತದೆ.

ಚೆನ್ನೈಯ ಓದುಗರಿಗೆ ಒಂದು ಮಾತು: ತಮಿಳುನಾಡಿನಲ್ಲಿ ಹನ್ನೆರಡರಲ್ಲಿ ವೃತ್ತಿ ವಿಭಾಗದಲ್ಲಿ ಓದಿದವರಿಗೆಂದೇ ಎಂಜಿನಿಯರಿಂಗ್ ಪ್ರವೇಶದಲ್ಲಿ ಪ್ರತ್ಯೇಕ ಪಾಲಿದೆ. ದೆಹಲಿಯಲ್ಲಿ ಸಿಬಿಎಸ್‌ಇಯ ಕೌಶಲ ವಿಷಯಗಳಾದ ಮಾಹಿತಿ ತಂತ್ರಜ್ಞಾನ, ಕೃತಕ ಬುದ್ಧಿಮತ್ತೆ ಮುಂತಾದವನ್ನು ಓದಿದವರು, ದೆಹಲಿ ವಿಶ್ವವಿದ್ಯಾಲಯದ ಕಂಪ್ಯೂಟರ್ ಸೈನ್ಸ್ ಆನರ್ಸ್‌ಗೆ ಗಣಿತ ಬೇಕೇ ಬೇಕು ಎಂಬುದನ್ನು ಮರೆಯಬಾರದು.

ಐಟಿಐ ವಿಚಾರಕ್ಕೆ ಬಂದರೆ, ಕಂಪ್ಯೂಟರಿನ ಹೆಸರುಳ್ಳ ಅತ್ಯಂತ ಪ್ರಸಿದ್ಧ ತರಬೇತಿ 'ಕೋಪಾ', ಅಂದರೆ ಕಂಪ್ಯೂಟರ್ ಆಪರೇಟರ್ ಅಂಡ್ ಪ್ರೋಗ್ರಾಮಿಂಗ್ ಅಸಿಸ್ಟೆಂಟ್. ಇದು ಒಂದು ವರ್ಷದ್ದು. ಇಲ್ಲಿಯೇ ಒಂದು ಸಿಕ್ಕು. ಐಟಿಐಯಿಂದ ಪಾಲಿಟೆಕ್ನಿಕ್ಕಿನ ಎರಡನೆಯ ವರ್ಷಕ್ಕೆ ಹೋಗಲು ಎಐಸಿಟಿಇ ಕೇಳುವುದು ಹತ್ತನೆಯ ತರಗತಿಯ ನಂತರದ ಎರಡು ವರ್ಷದ ತರಬೇತಿಯನ್ನು. ಹಾಗಾಗಿ ಎರಡು ವರ್ಷದ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಓದಿದವರಿಗೆ ಸಿಗುವ ಈ ಅವಕಾಶ, ಹೆಸರಿನಲ್ಲೇ ಕಂಪ್ಯೂಟರ್ ಇರುವ ಕೋಪಾ ಓದಿದವರಿಗೆ ಸಿಗುವುದಿಲ್ಲ. ಮುಂದೆ ಪದವಿಯ ಆಸೆ ಇರುವ ಮಗುವನ್ನು ಐಟಿಐಗೆ ಸೇರಿಸುವುದಾದರೆ ಎರಡು ವರ್ಷದ ತರಬೇತಿಯನ್ನೇ ಆರಿಸಬೇಕು. ಐಟಿಐ ಶಿಕ್ಷಣಕ್ಕೆ ಹತ್ತು ಅಥವಾ ಹನ್ನೆರಡನೆಯ ತರಗತಿಯ ಸಮಾನತೆ ದೊರಕಿಸಲು ರಾಷ್ಟ್ರೀಯ ಮುಕ್ತ ಶಾಲೆಯೊಂದಿಗೆ 2016ರಲ್ಲಿ ಕೇಂದ್ರ ಸರಕಾರ ಒಪ್ಪಂದ ಮಾಡಿಕೊಂಡಿತು. ಕೋಪಾ ಮುಗಿಸಿದವರು ಮುಕ್ತ ಶಾಲೆಯ ಮೂಲಕ ಗಣಿತ ಸಹಿತ ಹನ್ನೆರಡನೆಯ ತರಗತಿ ಪೂರೈಸಿ ಬಿಸಿಎ ಕಡೆಗೆ ತಿರುಗುವುದು ಸಾಧ್ಯ.

ಎಂಜಿನಿಯರಿಂಗ್ ಒಂದೇ ಕಂಪ್ಯೂಟರ್ ಪದವಿಯಲ್ಲ. ಮುಂಬಯಿ ವಿಶ್ವವಿದ್ಯಾಲಯದ ಬಿಎಸ್‌ಸಿ ಮಾಹಿತಿ ತಂತ್ರಜ್ಞಾನ ಪದವಿಯ ನಿಯಮಾವಳಿಯಲ್ಲಿ, ಹನ್ನೆರಡರಲ್ಲಿ ಗಣಿತ ಓದಿದವರ ಜತೆಗೆ ಮೂರು ವರ್ಷದ ಎಂಜಿನಿಯರಿಂಗ್ ಡಿಪ್ಲೊಮಾ ಪಡೆದವರಿಗೆ ನೇರ ಎರಡನೆಯ ವರ್ಷಕ್ಕೆ ಪ್ರವೇಶ ನೀಡುವ ಅವಕಾಶವನ್ನು ಕಲ್ಪಿಸಲಾಗಿದೆ. ಡಿಪ್ಲೊಮಾದ ಮೂರು, ಪದವಿಯ ಎರಡು ಸೇರಿ ಐದೇ ವರ್ಷದಲ್ಲಿ ಪದವೀಧರ. 2020-21ರಿಂದ ಎರಡು ವರ್ಷಕ್ಕೆ ಇಳಿದಿರುವ ಎಂಸಿಎ ಸೇರಿಸಿಕೊಂಡರೆ ಏಳು ವರ್ಷದಲ್ಲಿ ಸ್ನಾತಕೋತ್ತರ. ಬಿಇ ಶುಲ್ಕದ ಭಾರ ಹೊರಲಾರದ ಕುಟುಂಬಗಳಿಗೆ ಇದು ಗೌರವದ ದಾರಿ. ಹೊಸ ಶಿಕ್ಷಣ ನೀತಿಯ ಅನ್ವಯ ಪಠ್ಯಕ್ರಮಗಳು ಬದಲಾಗುತ್ತಿರುವುದರಿಂದ ಆಯಾ ಕಾಲೇಜಿನಲ್ಲಿ ಎರಡನೆಯ ವರ್ಷದ ಸ್ಥಾನಗಳಿವೆಯೇ ಎಂದು ಮುಂಚಿತವಾಗಿ ವಿಚಾರಿಸಬೇಕು.

ಬಿಸಿಎ ಕುರಿತು ಹಳೆಯ ತಿಳಿವಳಿಕೆ ಈಗ ನಡೆಯುವುದಿಲ್ಲ. 2024-25ರಿಂದ ಬಿಸಿಎ, ಬಿಬಿಎ ಪದವಿಗಳು ಎಐಸಿಟಿಇ ವ್ಯಾಪ್ತಿಗೆ ಬಂದವು. 2024ರಲ್ಲಿ ಮಹಾರಾಷ್ಟ್ರ ಇವಕ್ಕೆ ಮೊದಲ ಬಾರಿಗೆ ಸಿಇಟಿ ನಡೆಸಿತು. ಹನ್ನೆರಡರ ಫಲಿತಾಂಶ ನೋಡಿಕೊಂಡು ಅರ್ಜಿ ಹಾಕೋಣವೆಂದು ಕುಳಿತವರಿಗೆ ಆ ವರ್ಷ ನಿರಾಸೆ ಕಾದಿತ್ತು. ಸ್ಥಾನಗಳು ಬಹಳಷ್ಟು ಉಳಿದದ್ದರಿಂದ ಅದೇ ವರ್ಷ ಇನ್ನೊಮ್ಮೆ ಪರೀಕ್ಷೆ ನಡೆಸಬೇಕಾಯಿತು. ಬಿಎಸ್‌ಸಿ ಹೆಸರಿನ ಕಂಪ್ಯೂಟರ್ ಪದವಿಗಳಿಗೆ ಈ ಕಟ್ಟುಪಾಡು ಬರಲಿಲ್ಲ.

ದೂರಶಿಕ್ಷಣದ ವಿಷಯದಲ್ಲಿ ಬಹಳ ಎಚ್ಚರ ಬೇಕು. ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾಲಯದಂಥ ಮಾನ್ಯ ಸಂಸ್ಥೆಯಿಂದ ಬಿಸಿಎ ಮಾಡುವುದರಲ್ಲಿ ದೋಷವಿಲ್ಲ. ಎಂಜಿನಿಯರಿಂಗ್ ಮಾತ್ರ ಹಾಗಲ್ಲ. 2017ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ನಾಲ್ಕು ಪರಿಗಣಿತ ವಿಶ್ವವಿದ್ಯಾಲಯಗಳು ದೂರಶಿಕ್ಷಣದ ಮೂಲಕ ನೀಡಿದ್ದ ಎಂಜಿನಿಯರಿಂಗ್ ಪದವಿಗಳ ಬಗ್ಗೆ ಕಟುವಾದ ತೀರ್ಪು ಕೊಟ್ಟಿತು. 2001ರಿಂದ 2005ರ ಅವಧಿಯಲ್ಲಿ ಸೇರಿದವರ ಪದವಿಗಳು ಅಮಾನತಾಗಿ, ಹೊಸದಾಗಿ ಪರೀಕ್ಷೆ ಬರೆದು ತೇರ್ಗಡೆಯಾದವರ ಪದವಿ ಮಾತ್ರ ಉಳಿಯುವುದೆಂದು ಹೇಳಿತು. ಹತ್ತು ಹನ್ನೆರಡು ವರ್ಷ ನೌಕರಿ ಮಾಡಿ ಬಡ್ತಿ ಪಡೆದವರು ಮತ್ತೆ ಪರೀಕ್ಷಾ ಕೊಠಡಿಗೆ ಹೋಗಬೇಕಾಯಿತು. ಆದ್ದರಿಂದ ಮನೆಯಲ್ಲೇ ಕುಳಿತು ಬಿಟೆಕ್ ಎಂಬ ಜಾಹೀರಾತು ಕಂಡರೆ ಪುಟ ಮಗುಚುವುದೇ ಲೇಸು.

ದುಡಿಯುತ್ತಿರುವ ಡಿಪ್ಲೊಮಾದಾರರಿಗೆ ಕ್ರಮಬದ್ಧವಾದ ಬೇರೆ ದಾರಿ ಇದೆ. 2023-24ರಿಂದ ಎಐಸಿಟಿಇಯು ಕೆಲವು ಕಾಲೇಜುಗಳಿಗೆ ನೌಕರಿಯಲ್ಲಿರುವವರಿಗೆಂದೇ ಅನುಕೂಲ ಸಮಯದ ಎಂಜಿನಿಯರಿಂಗ್ ತರಗತಿ ನಡೆಸಲು ಅನುಮತಿ ನೀಡಿದೆ. ಅಲ್ಲಿಯೂ ಎರಡನೆಯ ವರ್ಷಕ್ಕೆ ನೇರ ಪ್ರವೇಶ. ರಾತ್ರಿಶಾಲೆಯ ಪರಂಪರೆ ಕಂಡ ನಮ್ಮವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು, ಐಐಟಿ ಮದ್ರಾಸ್ 2020ರಲ್ಲಿ ಪ್ರಕಟಿಸಿದ ದತ್ತಾಂಶ ವಿಜ್ಞಾನದ ಆನ್‌ಲೈನ್ ಪದವಿ. ಹನ್ನೆರಡು ಅಥವಾ ತತ್ಸಮಾನ ಶಿಕ್ಷಣ ಯಾವ ವಿಭಾಗದಲ್ಲಿದ್ದರೂ ಆಗಬಹುದು, ಹತ್ತರಲ್ಲಿ ಗಣಿತ ಮತ್ತು ಇಂಗ್ಲಿಷ್ ಓದಿರಬೇಕು. ನಾಲ್ಕು ವಾರದ ಪಾಠ ಕೇಳಿ ಅರ್ಹತಾ ಪರೀಕ್ಷೆ ಗೆದ್ದವರಿಗೆ ಪ್ರವೇಶ. ಪಾಠ ಮನೆಯಲ್ಲಿ, ಪರೀಕ್ಷೆ ಕೇಂದ್ರದಲ್ಲಿ. ಒಳಬರುವುದು ಸುಲಭ, ನಡುವೆ ಉಳಿಯುವುದು ಕಷ್ಟ. ಅಲ್ಲಿಯೂ ಮೊದಲ ಸವಾಲು ಗಣಿತ ಮತ್ತು ಸಂಖ್ಯಾಶಾಸ್ತ್ರವೇ.

ವಿಶ್ವವಿದ್ಯಾಲಯ ಅನುದಾನ ಆಯೋಗ 2014ರಲ್ಲಿ ಆರಂಭಿಸಿದ ಬಿವೋಕ್ ಪದವಿಯಲ್ಲಿ ಸಾಫ್ಟ್‌ವೇರ್ ವಿಭಾಗವೂ ಉಂಟು. ಒಂದು ವರ್ಷಕ್ಕೆ ಡಿಪ್ಲೊಮಾ, ಎರಡಕ್ಕೆ ಉನ್ನತ ಡಿಪ್ಲೊಮಾ, ಮೂರಕ್ಕೆ ಪದವಿ. ಎಂಸಿಎಗೆ ಹೋಗುವ ಉದ್ದೇಶವಿದ್ದರೆ ಗುರಿಯಿಟ್ಟ ವಿಶ್ವವಿದ್ಯಾಲಯ ಇದನ್ನು ಒಪ್ಪುತ್ತದೆಯೇ ಎಂದು ಸೇರುವ ಮುನ್ನವೇ ಲಿಖಿತವಾಗಿ ಕೇಳುವುದು ಒಳ್ಳೆಯದು. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ವೃತ್ತಿ ಶಿಕ್ಷಣಕ್ಕೂ ಪದವಿ ಶಿಕ್ಷಣಕ್ಕೂ ಒಂದೇ ಅಳತೆಗೋಲು ಎನ್ನುತ್ತದೆ. ಕಾಗದದ ಮೇಲೆ ಸೊಗಸಾಗಿದೆ, ಪ್ರವೇಶ ಕೊಡುವವರು ಮಾತ್ರ ಇನ್ನೂ ಹಳೆಯ ಅಂಕಪಟ್ಟಿಯನ್ನೇ ನೋಡುತ್ತಾರೆ. ಎಂಎಸ್‌ಸಿಐಟಿ ಪ್ರಮಾಣಪತ್ರವಾಗಲಿ, ಬೀದಿ ಬೀದಿಯ ಖಾಸಗಿ ಕಂಪ್ಯೂಟರ್ ಸಂಸ್ಥೆಗಳ 'ಡಿಪ್ಲೊಮಾ'ಗಳಾಗಲಿ ಎರಡನೆಯ ವರ್ಷದ ಪ್ರವೇಶಕ್ಕೆ ಅರ್ಹತೆಯಲ್ಲ. ಹಿಂದೆ ಡೋಯಾಕ್ ಎನಿಸಿದ್ದ, ಈಗಿನ ನೈಲಿಟ್‌ನ ಓ ಲೆವೆಲ್, ಎ ಲೆವೆಲ್ ಪರೀಕ್ಷೆಗಳಿಗೆ ಸರಕಾರಿ ಉದ್ಯೋಗದಲ್ಲಿ ಬೆಲೆಯುಂಟು, ಆದರೆ ಬಿಇ ತರಗತಿಯ ಬಾಗಿಲನ್ನು ಅವು ತೆರೆಯುವುದಿಲ್ಲ.

ಕೊನೆಯದಾಗಿ, ಹೊರನಾಡಿನಲ್ಲಿರುವ ನಮಗೇ ವಿಶಿಷ್ಟವಾದ ಒಂದು ತೊಡಕು. ಅಜ್ಜಿಯ ಮನೆಯ ಆಸರೆಯಿದೆಯೆಂದು ಮಗನನ್ನು ಉಡುಪಿಯಲ್ಲೋ ಮಂಗಳೂರಿನಲ್ಲೋ ಪಾಲಿಟೆಕ್ನಿಕ್ಕಿಗೆ ಸೇರಿಸುವವರಿದ್ದಾರೆ. ಮೂರು ವರ್ಷದ ನಂತರ ಅವನು ಯಾವ ರಾಜ್ಯದ ಅಭ್ಯರ್ಥಿ ಎಂಬ ಪ್ರಶ್ನೆ ಎದುರಾಗುತ್ತದೆ. ಮಹಾರಾಷ್ಟ್ರದಲ್ಲಿ ರಾಜ್ಯದ ಸ್ಥಾನ ಬೇಕಾದರೆ ಅವನ ಅಥವಾ ಹೆತ್ತವರ ಅಧಿವಾಸ ಪ್ರಮಾಣಪತ್ರ ನಿರ್ಣಾಯಕ. ಕರ್ನಾಟಕದ ಜಾತಿ ಪ್ರಮಾಣಪತ್ರ ತೋರಿಸಿ ಇಲ್ಲಿಯ ಮೀಸಲಾತಿ ಪಡೆಯಲಾಗದು. ಇಲ್ಲಿ ಪಡೆದ ಪ್ರಮಾಣಪತ್ರದ ಜತೆ ಜಾತಿ ಸಿಂಧುತ್ವ ಪತ್ರವನ್ನೂ ಕೇಳುತ್ತಾರೆ. ಕರ್ನಾಟಕದಲ್ಲಿ ಓದಿಸುವ ಇಚ್ಛೆಯುಳ್ಳವರು ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಿಕೆಯಲ್ಲಿ ಹೊರನಾಡ ಕನ್ನಡಿಗರಿಗೂ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ, ಕಾಸರಗೋಡು ಮುಂತಾದ ಗಡಿನಾಡಿನವರಿಗೂ ಇರುವ ಅರ್ಹತಾ ಕಲಮುಗಳನ್ನು ಆಯಾ ವರ್ಷದ ಪ್ರತಿಯಲ್ಲೇ ಓದಿಕೊಳ್ಳಬೇಕು. ಕನ್ನಡ, ತುಳು, ಕೊಡವ ಮಾತೃಭಾಷೆಯ ಪುರಾವೆ, ಹೆತ್ತವರು ಕರ್ನಾಟಕದಲ್ಲಿ ಓದಿದ ದಾಖಲೆ ಇಂಥವನ್ನು ಊರಿನ ಶಾಲೆಯಿಂದ ತರಿಸಲು ದಿನಗಳಲ್ಲ, ತಿಂಗಳುಗಳೇ ಹಿಡಿಯಬಹುದು. ಮೇ, ಜೂನ್‌ನಲ್ಲಿ ತಹಸೀಲ್ದಾರರ 'ಸೇತು' ಕೇಂದ್ರಗಳ ಮುಂದಿನ ಸಾಲು ನೋಡಿದವರಿಗೆ ಗೊತ್ತು, ಈ ಕಾಗದಪತ್ರಗಳ ಕೆಲಸವನ್ನು ಹತ್ತನೆಯ ತರಗತಿಯ ದೀಪಾವಳಿ ರಜೆಯಲ್ಲೇ ಆರಂಭಿಸುವುದು ಸೂಕ್ತ.